ಓದುಗರ ಪ್ರಶ್ನೋತ್ತರ: ಯಮಪುರಿಯ ದಾರಿ ಮತ್ತು ನಮ್ಮ ಭಯ

ಸಾವಿನ ನಂತರದ ಸ್ಥಿತಿಯ ಬಗ್ಗೆ ಬಂದಿರುವ ಪತ್ರಗಳಲ್ಲಿ ಮೂರಕ್ಕೆ ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ. ಬರೆದವರ ಹೆಸರುಗಳನ್ನು ಉದ್ದೇಶಪೂರ್ವಕವಾಗಿ ಬಿಡಲಾಗಿದೆ.

ಪ್ರಶ್ನೆ: ನಾನು 63 ವರ್ಷದ ನಿವೃತ್ತ ಶಾಲಾ ಶಿಕ್ಷಕಿ. ನನ್ನ ಯಜಮಾನರು 2021ರ ಮೇ ತಿಂಗಳಲ್ಲಿ ಕೊರೋನಾದಿಂದ ತೀರಿಕೊಂಡರು. ಆಸ್ಪತ್ರೆಯಿಂದ ನೇರವಾಗಿ ಚಿತಾಗಾರಕ್ಕೆ ಒಯ್ದ ಕಾರಣ ಅವರ ಮುಖವನ್ನೂ ನಾನು ನೋಡಲಿಲ್ಲ. ಬಾಯಿಗೆ ಒಂದು ಹನಿ ಗಂಗಾಜಲ ಬಿಡುವವರೂ ಹತ್ತಿರವಿರಲಿಲ್ಲ. ಒಬ್ಬನೇ ಮಗ ಅಮೆರಿಕದಲ್ಲಿದ್ದಾನೆ, ಆ ದಿನಗಳಲ್ಲಿ ಅವನಿಗೆ ಬರಲಾಗಲಿಲ್ಲ. ಮೈದುನನ ಮಗ ಹತ್ತನೆಯ ದಿನದಿಂದ ಮುಂದಿನ ಕರ್ಮಗಳನ್ನು ಮಾಡಿದ. ಈಚೆಗೆ ಬಂಧುಗಳ ಮನೆಯಲ್ಲಿ ಗರುಡ ಪುರಾಣದ ಪಾರಾಯಣ ಕೇಳಿದ ಮೇಲೆ ನನಗೆ ನಿದ್ದೆಯಿಲ್ಲ. ಯಜಮಾನರು ಇನ್ನೂ ಪ್ರೇತರೂಪದಲ್ಲಿ ಅಲೆಯುತ್ತಿದ್ದಾರೆಯೇ, ಅವರನ್ನು ಹಾಗೆ ಕಳಿಸಿದ ನನಗೆ ಯಾವ ನರಕ ಕಾದಿದೆ ಎಂಬ ಯೋಚನೆಯೇ ರಾತ್ರಿಯಿಡೀ. ಮೊಬೈಲ್ ತೆರೆದರೂ ಅದೇ ವಿಷಯದ ವಿಡಿಯೋಗಳು ಬರುತ್ತವೆ. ಲಿಂಗಾಯತ ಗೆಳತಿಯೊಬ್ಬರು ‘ಯಮಲೋಕ ಎಂಬುದೇ ಇಲ್ಲ’ ಎನ್ನುತ್ತಾರೆ, ಪಕ್ಕದ ಮನೆಯ ಕ್ರೈಸ್ತ ಹೆಂಗಸು ಅಂತಿಮ ತೀರ್ಪಿನ ಮಾತಾಡುತ್ತಾರೆ, ನನ್ನ ಸೊಸೆಯಂತೂ ‘ಸತ್ತ ಮೇಲೆ ಏನೂ ಇರೋದಿಲ್ಲ ಅತ್ತೆ’ ಎಂದು ಮಾತು ಮುಗಿಸುತ್ತಾಳೆ. ನಾನು ಯಾರನ್ನು ನಂಬಲಿ?
(ಹಾಸನ ಜಿಲ್ಲೆಯ ಓದುಗರು)

ಉತ್ತರ: ಮೊದಲು ನಿಮ್ಮ ಯಜಮಾನರ ವಿಷಯವನ್ನು ಹೇಳುತ್ತೇನೆ, ಏಕೆಂದರೆ ನಿಮ್ಮ ಪತ್ರದಲ್ಲಿ ಯಮನಿಗಿಂತ ಹೆಚ್ಚಾಗಿ ಕಾಣುವವರು ಅವರೇ. ನೀವು ನಂಬಿಕೊಂಡು ಬಂದ ಸಂಪ್ರದಾಯದ ಒಳಗೆ ನಿಂತು, ಅದರ ಮಾತುಗಳನ್ನೇ ಅಕ್ಷರಶಃ ಒಪ್ಪಿಕೊಂಡು ನೋಡಿದರೂ, ಅವರು ಪ್ರೇತರೂಪದಲ್ಲಿ ಉಳಿದಿದ್ದಾರೆ ಎನ್ನಲು ಆಧಾರವಿಲ್ಲ.

ನಿಮ್ಮನ್ನು ಹೆದರಿಸಿದ ಭಾಗ ಯಾವುದೆಂದು ಊಹಿಸಬಲ್ಲೆ. ದಹನವಾದ ಮೇಲೆ ಜೀವಕ್ಕೆ ಹತ್ತು ದಿನಗಳ ಪಿಂಡಗಳಿಂದ ಕೈಯಳತೆಯ ಒಂದು ಶರೀರ ಕೂಡಿಬರುತ್ತದೆ, ಮೊದಲ ದಿನದ ಪಿಂಡದಿಂದ ತಲೆ ಮೂಡಿ ಹತ್ತನೆಯ ದಿನದ ಪಿಂಡದಿಂದ ಹಸಿವು ಬಾಯಾರಿಕೆಗಳು ಹುಟ್ಟುತ್ತವೆ, ಆಮೇಲೆ ಆ ಶರೀರ 86,000 ಯೋಜನ ದೂರದ ದಾರಿಯನ್ನು ಹದಿನಾರು ಊರುಗಳ ಮೂಲಕ ಒಂದು ವರ್ಷ ನಡೆಯುತ್ತದೆ ಎಂಬ ವರ್ಣನೆ ಅದು. ಮೊದಲ ಒಂಬತ್ತು ದಿನ ಪಿಂಡ ಹಾಕಲಿಲ್ಲವೆಂದರೆ ಆ ಶರೀರ ಅರ್ಧಕ್ಕೇ ನಿಂತಿತೇ ಎಂದು ನೀವು ಲೆಕ್ಕ ಹಾಕುತ್ತಿರುವಂತೆ ತೋರುತ್ತದೆ. ಆದರೆ ಬಿಟ್ಟುಹೋದ ದಿನಗಳ ಪಿಂಡಗಳನ್ನು ಹತ್ತನೆಯ ದಿನ ಒಟ್ಟಿಗೆ ಹಾಕುವ ರೂಢಿ ಇಂದು ಹಲವು ಕಡೆ ಇದೆ, ನಿಮ್ಮ ಪುರೋಹಿತರು ಹತ್ತನೆಯ ದಿನದಿಂದ ಆರಂಭಿಸಿದ್ದೂ ಅದರಂತೆಯೇ ಇರಬೇಕು. ಬೇಕಾದರೆ ಅವರನ್ನೇ ಕೇಳಿ. ಮಗನೇ ಮಾಡಲಿಲ್ಲವಲ್ಲ ಎಂಬ ಕೊರಗಿಗೂ ಧರ್ಮಶಾಸ್ತ್ರದಲ್ಲಿ ಉತ್ತರವಿದೆ. ಅಣ್ಣತಮ್ಮಂದಿರಲ್ಲಿ ಒಬ್ಬನಿಗೆ ಮಗನಿದ್ದರೆ ಆ ಮಗನಿಂದ ಎಲ್ಲರೂ ಪುತ್ರವಂತರೇ ಎಂದು ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯ ಹೇಳುತ್ತದೆ. ಮಗನಿಲ್ಲದಿದ್ದರೆ ಹೆಂಡತಿ, ಅವಳೂ ಇಲ್ಲದಿದ್ದರೆ ಸಹೋದರ, ಕೊನೆಗೆ ಶಿಷ್ಯ ಕೂಡ ಮಾಡಬಹುದೆಂದು ಗರುಡ ಪುರಾಣದಲ್ಲಿಯೇ ಕ್ರಮವಿದೆ. ದೇಹವೇ ಸಿಗದವರಿಗೆ, ಅಂದರೆ ದೂರದೇಶದಲ್ಲಿ ಸತ್ತವರಿಗೆ, ನೀರಿನಲ್ಲಿ ಕಳೆದುಹೋದವರಿಗೆ, 360 ಮುತ್ತುಗದ ತೊಟ್ಟುಗಳಿಂದ ಒಂದು ಪ್ರತಿಕೃತಿಯನ್ನು ಕಟ್ಟಿ ಅದನ್ನೇ ದಹಿಸುವ ವಿಧಿಯನ್ನು ಹಿಂದಿನವರು ಮಾಡಿಟ್ಟಿದ್ದಾರೆ. ಮುಖ ನೋಡಲಾಗದ ಸಾವುಗಳು 2021ರಲ್ಲಿ ಮೊದಲ ಬಾರಿಗೆ ಬಂದದ್ದಲ್ಲ. ಅಂಥ ಸಾವುಗಳನ್ನು ಕಂಡವರೇ ಈ ವಿಧಿಗಳನ್ನು ಬರೆದರು.

ಎಲ್ಲಕ್ಕಿಂತ ಮುಖ್ಯವಾದದ್ದು ಹನ್ನೆರಡನೆಯ ದಿನದ ಸಪಿಂಡೀಕರಣ. ತೀರಿಕೊಂಡವರ ಹೆಸರಿನ ಉದ್ದನೆಯ ಪಿಂಡವನ್ನು ಮೂರು ಭಾಗ ಮಾಡಿ, ಅವರ ತಂದೆ, ಅಜ್ಜ, ಮುತ್ತಜ್ಜರ ಪಿಂಡಗಳಲ್ಲಿ ಬೆರೆಸುವುದನ್ನು ನೀವು ನೋಡಿರುತ್ತೀರಿ ಅಥವಾ ಒಳಮನೆಯಿಂದ ಕೇಳಿರುತ್ತೀರಿ. ಪ್ರೇತತ್ವ ಅಲ್ಲಿಗೆ ಮುಗಿಯುತ್ತದೆ, ಆ ಕ್ಷಣದಿಂದ ಅವರು ಪಿತೃಗಳಲ್ಲಿ ಒಬ್ಬರು. ಇದನ್ನು ವರ್ಷದ ಕೊನೆಗೆ ಮಾಡಬೇಕಾಗಿದ್ದರೂ ಮನುಷ್ಯನ ಆಯುಷ್ಯ ನಂಬುವಂಥದ್ದಲ್ಲವಾದ್ದರಿಂದ ಹನ್ನೆರಡನೆಯ ದಿನವೇ ಒಳ್ಳೆಯದೆಂದು ಅದೇ ಪುರಾಣ ಕಾರಣ ಕೊಟ್ಟು ಹೇಳುತ್ತದೆ. ನಿಮ್ಮ ಮೈದುನನ ಮಗ ಅದನ್ನು ಮಾಡಿದ್ದಾನೆ. ಅಂದಮೇಲೆ ನಾಲ್ಕು ದಿನದ ಪಾರಾಯಣ ಕೇಳಿ ನೀವು ಅವರನ್ನು ಮತ್ತೆ ದಾರಿಯ ಮೇಲೆ ತಂದು ನಿಲ್ಲಿಸುವುದು ನ್ಯಾಯವಲ್ಲ.

ಗರುಡ ಪುರಾಣದ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕಾಗಿದೆ, ಏಕೆಂದರೆ ಸೂತಕದ ಮನೆಯಲ್ಲಿ ಬಿಟ್ಟರೆ ಬೇರೆಲ್ಲೂ ಅದನ್ನು ತೆರೆಯಬಾರದೆಂಬ ಭಾವನೆಯಿಂದಾಗಿ ಅದರಲ್ಲಿ ಏನಿದೆ ಎಂಬುದೇ ಬಹುಮಂದಿಗೆ ತಿಳಿಯದು. ಮೂಲ ಪುರಾಣದ ದೊಡ್ಡ ಭಾಗಕ್ಕೂ ಸಾವಿಗೂ ಸಂಬಂಧವಿಲ್ಲ. ರತ್ನಗಳ ಪರೀಕ್ಷೆ, ಔಷಧಿಗಳು, ವ್ಯಾಕರಣ, ರಾಜನೀತಿ ಎಲ್ಲವೂ ಅಲ್ಲಿವೆ. ಮನೆಗಳಲ್ಲಿ ಓದುವುದು ಬಹುಮಟ್ಟಿಗೆ ಅದರ ಪ್ರೇತಖಂಡವನ್ನು ಆಧರಿಸಿ ಬಹಳ ಕಾಲದ ನಂತರ ಸಂಗ್ರಹಿಸಿದ ಹದಿನಾರು ಅಧ್ಯಾಯಗಳ ಸಾರವನ್ನು. ಯಮದೂತರು, ವೈತರಣಿ, ನರಕಗಳು ಇದರ ಮೊದಲ ಅಧ್ಯಾಯಗಳಲ್ಲೇ ಬಂದುಬಿಡುತ್ತವೆ, ಬಂಧುಬಳಗ ಕುಳಿತು ಕೇಳುವುದೂ ಅವನ್ನೇ. ಹದಿನಾರನೆಯ ಅಧ್ಯಾಯಕ್ಕೆ ಬರುವ ಹೊತ್ತಿಗೆ ಅಡುಗೆಯ ಗಡಿಬಿಡಿ, ಬಸ್ಸಿನ ಹೊತ್ತು. ಆ ಕೊನೆಯ ಅಧ್ಯಾಯ ಮಾತ್ರ ಬೇರೆಯೇ ದನಿಯಲ್ಲಿದೆ: ಬೂದಿ ಬಳಿದುಕೊಂಡ ಮಾತ್ರಕ್ಕೆ ಮುಕ್ತಿ ಸಿಗುವುದಾದರೆ ಸದಾ ಬೂದಿಯಲ್ಲೇ ಮಲಗುವ ನಾಯಿಗೂ ಸಿಗಬೇಕಲ್ಲವೇ, ಗಂಗೆಯಲ್ಲಿರುವ ಮಾತ್ರಕ್ಕೆ ಯೋಗಿಗಳಾಗುವುದಾದರೆ ಕಪ್ಪೆ ಮೀನುಗಳೂ ಯೋಗಿಗಳಲ್ಲವೇ ಎಂದು ವಿಷ್ಣು ಗರುಡನನ್ನು ಕೇಳುತ್ತಾನೆ. ಕರ್ಮಕಾಂಡದ ಲೋಪದಿಂದ ಯಾರೋ ಶಾಶ್ವತವಾಗಿ ಕೆಟ್ಟರು ಎಂಬ ಭಾವನೆಗೆ ಆ ಅಧ್ಯಾಯದಲ್ಲಿ ಜಾಗವಿಲ್ಲ. ಪಾರಾಯಣ ಇಟ್ಟುಕೊಳ್ಳುವವರಿಗೆ ನನ್ನ ಒಂದು ಸಲಹೆಯಿದೆ: ಪೂರ್ತಿ ಓದಿಸುವ ವ್ಯವಧಾನವಿಲ್ಲದಿದ್ದರೆ ಆ ಕೊನೆಯದನ್ನೊಂದೇ ಓದಿಸಿ, ಗಂಡನನ್ನು ಕಳೆದುಕೊಂಡು ಇನ್ನೂ ವಾರ ಕಳೆಯದ ಹೆಂಗಸಿನ ಎದುರು ಕುಂಭೀಪಾಕದ ವರ್ಣನೆ ಮಾಡಿಸಬೇಡಿ.

ಭಯ ಮತ್ತು ದಾನ ಆ ವರ್ಣನೆಗಳಲ್ಲಿ ಜೊತೆಜೊತೆಯಾಗಿ ಬರುತ್ತವೆ ಎಂಬುದನ್ನೂ ಗಮನಿಸಬೇಕು. ದಾರಿಯಲ್ಲಿ ಬಿಸಿಲಿದೆ ಎಂದೊಡನೆ ಛತ್ರಿಯ ದಾನ, ಮುಳ್ಳಿದೆ ಎಂದೊಡನೆ ಪಾದರಕ್ಷೆಯ ದಾನ, ನೀರಿಲ್ಲ ಎಂದರೆ ನೀರಿನ ಪಾತ್ರೆ, ವೈತರಣಿ ದಾಟಲು ಗೋವು. ಇದನ್ನು ಪುರೋಹಿತರ ಲಾಭದ ಲೆಕ್ಕವೆಂದು ಹೀಗಳೆಯುವವರಿದ್ದಾರೆ, ಆ ಮಾತಿನಲ್ಲಿ ಸ್ವಲ್ಪ ಸತ್ಯವೂ ಇದೆ. 14ನೆಯ ಶತಮಾನದಲ್ಲಿ ಎಲ್ಲ ದರ್ಶನಗಳನ್ನೂ ಸಂಗ್ರಹಿಸಿದ ‘ಸರ್ವದರ್ಶನ ಸಂಗ್ರಹ’ವು ಪರಲೋಕವನ್ನೇ ಒಪ್ಪದ ಚಾರ್ವಾಕರ ಬಾಯಲ್ಲಿ ಇದೇ ಟೀಕೆಯನ್ನಿಟ್ಟು, ಇಲ್ಲಿ ಬಡಿಸಿದ್ದು ಸತ್ತವರಿಗೆ ತಲಪುವುದಾದರೆ ಪರವೂರಿಗೆ ಹೊರಟವನಿಗೆ ಬುತ್ತಿ ಏಕೆ ಬೇಕು ಎಂದು ಕೇಳಿಸಿದೆ. ಅದು ಹೇಗೇ ಇರಲಿ, ಬದುಕಿರುವ ಒಬ್ಬನ ಕೈಗೆ ಕೊಡೆ, ಚಪ್ಪಲಿ, ಚೊಂಬು ಹೋಗಬೇಕೆಂಬುದಕ್ಕಾಗಿ ಕಟ್ಟಿದ ವರ್ಣನೆಯನ್ನು ದಾನದಿಂದ ಬಿಡಿಸಿ, ಯಮಲೋಕದ ವರದಿ ಎಂಬಂತೆ ಮೊಬೈಲಿನಲ್ಲಿ ತೋರಿಸಿದಾಗ ಉಳಿಯುವುದು ಭಯವೊಂದೇ.

ಈ ಚಿತ್ರ ಮೊದಲಿಂದಲೂ ಹೀಗೇ ಇತ್ತೇ ಎಂದರೆ, ಇರಲಿಲ್ಲ. ಋಗ್ವೇದದ ಯಮ ಶಿಕ್ಷೆ ಕೊಡುವವನಲ್ಲ. ಸತ್ತವರಲ್ಲಿ ಮೊದಲಿಗನಾಗಿ ಮುಂದಿನವರಿಗೆ ದಾರಿ ಕಂಡುಹಿಡಿದ ಹಿರಿಯ. ನಾಲ್ಕು ಕಣ್ಣಿನ ಎರಡು ನಾಯಿಗಳು ಆ ದಾರಿಯಲ್ಲಿರುತ್ತವೆ ನಿಜ, ಆದರೆ ಕಾಯುವುದು ಅವುಗಳ ಕೆಲಸ. ಸತ್ತವರು ಮತ್ತೆ ಹುಟ್ಟುತ್ತಾರೆಂಬ ವಿಚಾರ ಸ್ಪಷ್ಟವಾಗಿ ಬರುವುದು ಉಪನಿಷತ್ತುಗಳಲ್ಲಿ, ಅದೂ ಪ್ರವಾಹಣ ಜೈವಲಿ ಎಂಬ ರಾಜ ಉದ್ದಾಲಕ ಆರುಣಿಗೆ ಹೊಸ ವಿದ್ಯೆ ಎಂಬಂತೆ ಹೇಳಿಕೊಡುವಾಗ. ನರಕಗಳ ಪಟ್ಟಿ ಬೆಳೆದದ್ದು ಆಮೇಲೆ: ಮನುಸ್ಮೃತಿಯಲ್ಲಿ 21, ಭಾಗವತದ ಐದನೆಯ ಸ್ಕಂಧದಲ್ಲಿ 28. ಇವೆಲ್ಲದರ ನಡುವೆ ಕಠೋಪನಿಷತ್ತು ನಿಂತಿದೆ. ಸತ್ತ ಮೇಲೆ ಮನುಷ್ಯ ಇರುತ್ತಾನೆ ಎಂದು ಕೆಲವರು, ಇರುವುದಿಲ್ಲ ಎಂದು ಕೆಲವರು ಹೇಳುತ್ತಾರೆ, ಇದನ್ನು ನನಗೆ ತಿಳಿಸು ಎಂದು ಹುಡುಗ ನಚಿಕೇತ ಸ್ವತಃ ಯಮನನ್ನೇ ಕೇಳಿದಾಗ, ಇದರ ಬಗ್ಗೆ ಹಿಂದೆ ದೇವತೆಗಳಿಗೂ ಸಂಶಯವಿತ್ತು, ಬೇರೇನಾದರೂ ಕೇಳು ಎಂದು ಯಮ ಮಾತು ತಪ್ಪಿಸಲು ನೋಡುತ್ತಾನೆ. ದೇವತೆಗಳಿಗೇ ಸಂಶಯವಿದ್ದ ವಿಷಯದಲ್ಲಿ ಹತ್ತು ನಿಮಿಷದ ವಿಡಿಯೋ ಮಾಡಿದವನಿಗೆ ಸಂಶಯವೇ ಇಲ್ಲದಿರುವುದು ಸೋಜಿಗ.

ಇನ್ನು, ಯಾರನ್ನು ನಂಬಲಿ ಎಂಬ ಪ್ರಶ್ನೆ. ನಿಮ್ಮ ಮೂವರು ಆಪ್ತರು ಮೂರು ರೀತಿ ಹೇಳಿದ್ದರಲ್ಲಿ ಆಶ್ಚರ್ಯವಿಲ್ಲ, ಕನ್ನಡ ನಾಡಿನಲ್ಲಿ ಈ ವಿಷಯದ ಬಗ್ಗೆ ಎಂದೂ ಒಂದೇ ಅಭಿಪ್ರಾಯ ಇರಲಿಲ್ಲ. ಯಾವುದಾದರೂ ಹಳೆಯ ಊರಿನ ಅಂಚಿನಲ್ಲಿರುವ ವೀರಗಲ್ಲನ್ನು ಹತ್ತಿರ ಹೋಗಿ ನೋಡಿ. ಕೆಳಗಿನ ಪಟ್ಟಿಕೆಯಲ್ಲಿ ತುರು ಕಾಯಲು ಹೋಗಿ ಬಾಣ ನಾಟಿಸಿಕೊಂಡು ಬಿದ್ದವನಿದ್ದಾನೆ, ನಡುವಿನದರಲ್ಲಿ ಚಾಮರ ಹಿಡಿದ ಅಪ್ಸರೆಯರು ಅವನನ್ನು ಎರಡು ಕಡೆ ಹಿಡಿದು ಮೇಲಕ್ಕೆ ಒಯ್ಯುತ್ತಿದ್ದಾರೆ, ಮೇಲಿನದರಲ್ಲಿ ಅವನು ಲಿಂಗದ ಮುಂದೆ ನೆಮ್ಮದಿಯಿಂದ ಕುಳಿತಿದ್ದಾನೆ. ಅವನಿಗೆ ವೈತರಣಿಯೂ ಇಲ್ಲ, ವರ್ಷದ ನಡಿಗೆಯೂ ಇಲ್ಲ. ಕ್ಷಣದಲ್ಲಿ ಅಳಿಯುವ ದೇಹಕ್ಕೆ ರಣದಲ್ಲಿ ಸಾಯುವ ಚಿಂತೆ ಏಕೆ ಎಂಬ ಸಂಸ್ಕೃತ ಶ್ಲೋಕ ಅಂಥ ಎಷ್ಟೋ ಕಲ್ಲುಗಳ ಮೇಲಿದೆ. ನಿಮ್ಮ ಜಿಲ್ಲೆಯದೇ ಆದ ಶ್ರವಣಬೆಳಗೊಳದ ಚಿಕ್ಕಬೆಟ್ಟ ಹತ್ತಿದರೆ ಬೇರೆಯೇ ನಂಬಿಕೆ: ಸುಮಾರು 600ನೆಯ ಇಸವಿಯಿಂದ ಮುಂದೆ ಅಲ್ಲಿ ಸಲ್ಲೇಖನ, ಅಂದರೆ ಆಹಾರ ತ್ಯಜಿಸುವ ವ್ರತ, ಕೈಗೊಂಡು ದೇಹ ಬಿಟ್ಟವರ ಹೆಸರುಗಳು ಬಂಡೆಯ ಮೇಲೆ ಸಾಲುಸಾಲಾಗಿವೆ. ಜೈನರ ಪ್ರಕಾರ ಜೀವ ದೇಹವನ್ನು ಬಿಟ್ಟ ಕ್ಷಣಾರ್ಧದಲ್ಲಿ ಮುಂದಿನ ಜನ್ಮವನ್ನು ಸೇರುತ್ತದೆ; ನಡುವೆ ಪ್ರೇತಾವಸ್ಥೆ ಇಲ್ಲವಾದ್ದರಿಂದ ಪಿಂಡದ ಪ್ರಶ್ನೆಯೂ ಇಲ್ಲ. ಅವರಲ್ಲೂ ಏಳು ನರಕಗಳಿವೆ, ಅವುಗಳಲ್ಲಿನ ಆಯುಷ್ಯ ನಮ್ಮ ಕಲ್ಪನೆಗೆ ಮೀರಿದ್ದು, ಆದರೂ ಅದಕ್ಕೆ ಕೊನೆಯಿದೆ.

ನಿಮ್ಮ ಲಿಂಗಾಯತ ಗೆಳತಿಯ ಮಾತಿನ ಹಿಂದೆ ಬಸವಣ್ಣನವರ ವಚನವಿದೆ. ದೇವಲೋಕ ಮರ್ತ್ಯಲೋಕ ಬೇರೆ ಇಲ್ಲ, ಸತ್ಯವ ನುಡಿವುದೇ ದೇವಲೋಕ, ಆಚಾರವೇ ಸ್ವರ್ಗ, ಅನಾಚಾರವೇ ನರಕ ಎಂದು 12ನೆಯ ಶತಮಾನದಲ್ಲಿಯೇ ಅವರು ಸಾರಿದರು. ಅವರ ಮನೆಗಳಲ್ಲಿ ತೀರಿಕೊಂಡವರಿಗೆ ವಿಭೂತಿ ಧರಿಸಿ, ಕೈಯಲ್ಲಿ ಇಷ್ಟಲಿಂಗವಿಟ್ಟು, ಕುಳಿತ ಭಂಗಿಯಲ್ಲೇ ಸಮಾಧಿ ಮಾಡುತ್ತಾರೆ. ‘ಮರಣವೇ ಮಹಾನವಮಿ’ ಎಂಬ ಮಾತು ಅಲ್ಲಿ ಸಮಾಧಾನಕ್ಕೆ ಹೇಳುವ ಮಾತಲ್ಲ, ನಂಬಿಕೆ. ಮೈಸೂರು ಮಂಡ್ಯದ ಕಡೆಯ ಹಿರಿಯರ ಹಬ್ಬದಲ್ಲಾದರೋ ನರಕದ ಮಾತೇ ಇಲ್ಲ. ಮಹಾಲಯ ಅಮಾವಾಸ್ಯೆಯಂದು ಹೊಸ ಬಟ್ಟೆಯಿಟ್ಟು, ಬಾಳೆಲೆಯ ಮೇಲೆ ಮುದ್ದೆ, ಮಾಂಸದ ಸಾರು, ಎಲೆಅಡಿಕೆ, ಅಜ್ಜ ಸೇದುತ್ತಿದ್ದ ಬೀಡಿಯ ಕಟ್ಟು ಎಲ್ಲವನ್ನೂ ಎಡೆಯಿಟ್ಟು, ಹಿರಿಯರು ಬಂದು ಉಣ್ಣಲಿ ಎಂದು ಬಾಗಿಲು ಹಾಕಿಕೊಂಡು ಹೊರಗೆ ಕಾಯುತ್ತಾರೆ. ತುಳುನಾಡಿನಲ್ಲಿ ಚಿಕ್ಕ ವಯಸ್ಸಿನಲ್ಲಿ ತೀರಿಕೊಂಡ ಹುಡುಗನಿಗೂ ಹುಡುಗಿಗೂ, ಅವರು ಬದುಕಿದ್ದರೆ ಮದುವೆಯ ವಯಸ್ಸಾಗುತ್ತಿದ್ದ ಹೊತ್ತಿಗೆ, ಎರಡು ಮನೆಯವರು ಸಂಬಂಧ ನೋಡಿ, ಸೀರೆ ಕರಿಮಣಿ ಇಟ್ಟು ಆಟಿ ತಿಂಗಳಲ್ಲಿ ಮದುವೆ ಮಾಡುತ್ತಾರೆ. ಅಲ್ಲಿ ಸತ್ತವರು ಎಲ್ಲಿಗೂ ಹೋಗಿಲ್ಲ, ಕುಟುಂಬದಲ್ಲೇ ಬೆಳೆಯುತ್ತಿದ್ದಾರೆ.

ಒಂದೇ ಮನೆಯೊಳಗೂ ನಂಬಿಕೆಗಳು ಪರಸ್ಪರ ಹೊಂದುವುದಿಲ್ಲ ಎಂಬುದನ್ನು ನಾವು ಯೋಚಿಸುವುದು ಕಡಿಮೆ. ಶ್ರಾದ್ಧ ಮಾಡುವಾಗ ತಂದೆ ಪಿತೃಲೋಕದಲ್ಲಿದ್ದಾರೆ, ಮೊಮ್ಮಗು ಹುಟ್ಟಿದಾಗ ಅವರೇ ಮತ್ತೆ ಹುಟ್ಟಿ ಬಂದಿದ್ದಾರೆ, ಪತ್ರಿಕೆಯ ಶ್ರದ್ಧಾಂಜಲಿಯಲ್ಲಿ ಅವರು ವೈಕುಂಠವಾಸಿಗಳು. ಈ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುವ ನಮಗೆ, ನರಕದ ವರ್ಣನೆಯೊಂದನ್ನು ಮಾತ್ರ ಅಕ್ಷರಶಃ ನಂಬುವ ಚಟ ಏಕಿರಬೇಕೋ ತಿಳಿಯದು.

ನಿಮ್ಮ ಸೊಸೆ ಹೇಳುವುದನ್ನು ವಿಜ್ಞಾನ ಸಾಬೀತು ಮಾಡಿದೆಯೇ ಎಂದರೆ, ಮೆದುಳು ನಿಂತ ಮೇಲೆ ಅರಿವು ಉಳಿಯುತ್ತದೆ ಎಂಬುದಕ್ಕೆ ಎಲ್ಲರೂ ಒಪ್ಪುವ ಪುರಾವೆ ಈವರೆಗೆ ದೊರೆತಿಲ್ಲ ಎಂಬಲ್ಲಿಗೆ ಮಾತು ನಿಲ್ಲುತ್ತದೆ. ಸಾವಿನ ಅಂಚಿಗೆ ಹೋಗಿ ಬಂದವರ ಅನುಭವಗಳ ಅಧ್ಯಯನಗಳಿವೆ. 2001ರಲ್ಲಿ ಪ್ರಕಟವಾದ ನೆದರ್‌ಲ್ಯಾಂಡ್ಸ್‌ನ ಅಧ್ಯಯನವೊಂದರಲ್ಲಿ ಹೃದಯ ನಿಂತು ಮತ್ತೆ ಚೇತರಿಸಿದ 344 ಮಂದಿಯಲ್ಲಿ 62 ಮಂದಿ ಅಂಥ ಅನುಭವವನ್ನು ಹೇಳಿಕೊಂಡರು, ಉಳಿದವರಿಗೆ ಏನೂ ನೆನಪಿರಲಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದ್ದ ಮನೋವಿಜ್ಞಾನಿ ಸತ್ವಂತ್ ಪಸ್ರೀಚಾ ಅವರು ಇಯಾನ್ ಸ್ಟೀವನ್ಸನ್ ಅವರೊಡನೆ 1986ರಲ್ಲಿ ಪ್ರಕಟಿಸಿದ ಭಾರತದ 16 ಪ್ರಕರಣಗಳು ನಿಮಗೆ ಕುತೂಹಲ ಹುಟ್ಟಿಸಬಹುದು. ಅಮೆರಿಕದವರು ಸುರಂಗ, ಬೆಳಕು ಕಂಡದ್ದಾಗಿ ಹೇಳಿದರೆ, ನಮ್ಮವರನ್ನು ದೂತರು ಬಂದು ಎಳೆದೊಯ್ಯುತ್ತಾರೆ, ಪುಸ್ತಕ ಹಿಡಿದು ಕುಳಿತವನೊಬ್ಬ ಲೆಕ್ಕ ನೋಡಿ ‘ಇವನಲ್ಲ, ತಪ್ಪಾಗಿ ತಂದಿದ್ದೀರಿ’ ಎಂದು ವಾಪಸು ಕಳಿಸುತ್ತಾನೆ. ಯಮನ ಕಚೇರಿಯಲ್ಲೂ ಕಡತ ಅದಲುಬದಲಾಗುವುದನ್ನು ಓದಿ ನಗು ಬರುತ್ತದೆ. ಅವರು ಸುಳ್ಳು ಹೇಳಿದರೆಂದು ನಾನು ಹೇಳುತ್ತಿಲ್ಲ. ಆ ಹೊತ್ತಿನಲ್ಲಿ ಮನಸ್ಸು ಕಾಣುವುದು ತಾನು ಕೇಳಿ ಬೆಳೆದ ಕಥೆಯ ಬಣ್ಣದಲ್ಲೇ ಎಂದಷ್ಟೇ ಅದರಿಂದ ತಿಳಿಯುತ್ತದೆ. ಅಲ್ಲದೆ ಅವರೆಲ್ಲ ತಿರುಗಿ ಬಂದವರು.

ಹೀಗಿರುವಾಗ ಯಾರನ್ನಾದರೂ ಒಬ್ಬರನ್ನು ಆರಿಸಿ ನಂಬಿ ಎಂದು ನಾನು ಹೇಳಲಾರೆ, ನಿಮ್ಮ ನಂಬಿಕೆಯನ್ನು ಬಿಡಿ ಎಂದೂ ಹೇಳುವುದಿಲ್ಲ. ಪತ್ರವನ್ನು ಮತ್ತೆ ಓದಿದಾಗ ನನಗೆ ಕಂಡದ್ದು, ಮುಖ ನೋಡಲಿಲ್ಲ ಎಂಬ ನೋವು ನಾಲ್ಕು ವರ್ಷ ಹೇಳಿಕೊಳ್ಳಲು ಜಾಗ ಸಿಗದೆ, ಈಗ ನರಕದ ಹೆಸರಿನಲ್ಲಿ ಮಾತಾಡುತ್ತಿದೆ ಎಂಬುದು. ಅದು ನಿಮ್ಮ ತಪ್ಪಿನಿಂದ ಆದದ್ದಲ್ಲ. ಸೋಂಕಿನ ನಿಯಮಗಳಿಂದ ಆದದ್ದು. ಅಸ್ಥಿಯನ್ನು ಕೇಳಿ ಪಡೆಯಲು ಯಾರೂ ಬರದೆ ಬೆಂಗಳೂರಿನ ಚಿತಾಗಾರಗಳಲ್ಲಿ ಉಳಿದಿದ್ದ ಐನೂರಕ್ಕೂ ಹೆಚ್ಚು ಮಂದಿಯ ಬೂದಿಯನ್ನು 2021ರ ಜೂನ್ ಆರಂಭದಲ್ಲಿ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯ ಬಳಿ ಸರ್ಕಾರವೇ ಕಾವೇರಿಯಲ್ಲಿ ವಿಧಿವತ್ತಾಗಿ ಬಿಟ್ಟಿತು, ಆ ವರ್ಷದ ಮಹಾಲಯದಲ್ಲಿ ಶ್ರೀರಂಗಪಟ್ಟಣದಲ್ಲಿ ಅಂಥವರಿಗೆ ಪಿಂಡಪ್ರದಾನವೂ ನಡೆಯಿತು. ಆ ಮನೆಗಳವರೆಲ್ಲ ನಿರ್ದಯರಾಗಿರಲಿಲ್ಲ, ಕೆಲವು ಮನೆಗಳಲ್ಲಿ ಎಲ್ಲರೂ ಆಸ್ಪತ್ರೆಯಲ್ಲೇ ಇದ್ದ ದಿನಗಳು ಅವು.

ಮಾಡಬಹುದಾದದ್ದು ಇಷ್ಟು. ಆ ವಿಡಿಯೋಗಳನ್ನು ನೋಡಿದಷ್ಟೂ ಅಂಥವೇ ಮತ್ತೆ ಬರುವಂತೆ ಮೊಬೈಲಿನ ಏರ್ಪಾಡು ಇರುತ್ತದೆ. ‘ಆಸಕ್ತಿ ಇಲ್ಲ’ ಎಂಬ ಗುಂಡಿಯನ್ನು ಒತ್ತುವುದನ್ನು ಸೊಸೆಯಿಂದ ಕಲಿಯಿರಿ. ಮುಂದಿನ ಬಾರಿ ಮಗ ಊರಿಗೆ ಬಂದಾಗ ಅವನ ಕೈಯಿಂದ ತಿಲತರ್ಪಣವನ್ನೋ ಶ್ರಾದ್ಧವನ್ನೋ ಮಾಡಿಸಿ, ಅದು ಅವನಿಗೂ ಬೇಕಾಗಿರಬಹುದು. ಅವನ ಮನಸ್ಸಿನಲ್ಲೂ ಇದೇ ಕೊರಗಿದ್ದು ನಿಮಗೆ ಹೇಳದೇ ಇರಬಹುದು. ಆ ಕೊನೆಯ ವಾರದ ಬಗ್ಗೆ ತಾಯಿ ಮಗ ಇಬ್ಬರೂ ಕುಳಿತು ಒಮ್ಮೆ ಪೂರ್ತಿಯಾಗಿ ಮಾತಾಡಿ. ನಿದ್ದೆಯಿಲ್ಲದ ರಾತ್ರಿಗಳು ಇನ್ನೂ ಮುಂದುವರಿದರೆ, ಊಟ ಸೇರದಿದ್ದರೆ, ಒಂದೇ ಯೋಚನೆ ಬಿಡದೆ ಸುತ್ತುತ್ತಿದ್ದರೆ ಅದು ಚಿಕಿತ್ಸೆಯಿಂದ ಗುಣವಾಗುವ ಸ್ಥಿತಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಕರೆಗೆ ಹಣವಿಲ್ಲ.

ಪ್ರಶ್ನೆ: ನಾನು ಸ್ನಾತಕೋತ್ತರ ವಿದ್ಯಾರ್ಥಿ. ಹಾಸ್ಟೆಲಿನಲ್ಲಿ ಎಲ್ಲ ಧರ್ಮದ ಗೆಳೆಯರಿದ್ದಾರೆ. ಪ್ರತಿಯೊಂದು ಧರ್ಮವೂ ತನ್ನದನ್ನು ಒಪ್ಪದವರಿಗೆ ನರಕ ಎನ್ನುವುದಾದರೆ, ನಾನು ಯಾವುದನ್ನು ಆರಿಸಿದರೂ ಉಳಿದವುಗಳ ಲೆಕ್ಕದಲ್ಲಿ ನರಕವಾಸಿಯೇ. ತಪ್ಪಾದದ್ದನ್ನು ಆರಿಸಿದ್ದರೆ ಏನು ಗತಿ ಎಂಬ ಭಯ ನನ್ನನ್ನು ಕಾಡುತ್ತಿದೆ.
(ಕಲಬುರಗಿಯ ಓದುಗರು)

ಉತ್ತರ: ದೇವರಿದ್ದಾನೆಂದು ನಂಬಿದರೆ ಕಳೆದುಕೊಳ್ಳುವುದು ಕಡಿಮೆ, ನಂಬದಿದ್ದರೆ ಕಳೆದುಕೊಳ್ಳುವುದು ಅನಂತ ಎಂದು 17ನೆಯ ಶತಮಾನದ ಫ್ರೆಂಚ್ ಗಣಿತಜ್ಞ ಪಾಸ್ಕಲ್ ಪಣದ ಲೆಕ್ಕ ಹಾಕಿದ್ದ. ಆಗ ಅವನ ಮುಂದೆ ಇದ್ದ ಆಯ್ಕೆಗಳು ಎರಡೇ. ನಿಮ್ಮ ಹಾಸ್ಟೆಲಿನ ಒಂದು ಮಹಡಿಯಲ್ಲೇ ಐದಾರು ಇರುವುದರಿಂದ ಆ ಲೆಕ್ಕ ಕೂಡುವುದಿಲ್ಲ, ನಿಮಗೆ ಹತ್ತಿರುವುದೂ ಅದೇ ತೊಡಕು.

ಆದರೆ ‘ಒಪ್ಪದವರಿಗೆ ನರಕ’ ಎಂಬುದು ಧರ್ಮಗಳು ನಿಜವಾಗಿ ಹೇಳುವುದರ ತೀರ ಒರಟು ರೂಪ. ಇಸ್ಲಾಮಿನಲ್ಲಿ ಸಮಾಧಿಯಲ್ಲಿ ಪ್ರಶ್ನೆ ಕೇಳುವ ಮುನ್ಕರ್, ನಕೀರ್ ಎಂಬ ದೇವದೂತರೂ ಕಿಯಾಮತ್ ದಿನದ ವಿಚಾರಣೆಯೂ ಇವೆ. ಜೊತೆಗೆ, ಸಂದೇಶ ತಲಪದವರು ಅಥವಾ ತಿರುಚಿದ ರೂಪದಲ್ಲಷ್ಟೇ ತಲಪಿದವರು ಅಲ್ಲಾಹನ ಕರುಣೆಯ ವ್ಯಾಪ್ತಿಗೆ ಸೇರುತ್ತಾರೆಂದು 1111ರಲ್ಲಿ ತೀರಿಕೊಂಡ ಮಹಾಪಂಡಿತ ಗಝಾಲಿ ವಾದಿಸಿದ್ದಾರೆ. ತಮ್ಮದಲ್ಲದ ತಪ್ಪಿನಿಂದ ಕ್ರಿಸ್ತನ ಸುವಾರ್ತೆಯನ್ನು ಅರಿಯದೆ, ಆತ್ಮಸಾಕ್ಷಿಯಂತೆ ನಡೆಯುವವರಿಗೂ ರಕ್ಷಣೆ ಸಾಧ್ಯವೆಂದು ಕ್ಯಾಥೊಲಿಕರ ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಘೋಷಿಸಿತು. ದೀಕ್ಷಾಸ್ನಾನವಿಲ್ಲದೆ ಸತ್ತ ಹಸುಗೂಸುಗಳು ಸ್ವರ್ಗಕ್ಕೂ ಸಲ್ಲದೆ ‘ಲಿಂಬೋ’ ಎಂಬಲ್ಲಿ ಉಳಿಯುತ್ತವೆ ಎಂದು ಶತಮಾನಗಳ ಕಾಲ ಹೇಳಿಕೊಂಡು ಬಂದದ್ದನ್ನು ವ್ಯಾಟಿಕನ್ನಿನ ದೈವಶಾಸ್ತ್ರ ಮಂಡಲಿ 2007ರಲ್ಲಿ ಮರುಪರಿಶೀಲಿಸಿ, ಅವುಗಳ ರಕ್ಷಣೆಯನ್ನು ನಿರೀಕ್ಷಿಸಲು ಬಲವಾದ ಕಾರಣಗಳಿವೆ ಎಂದಿತು. ಆ ಶತಮಾನಗಳಲ್ಲಿ ಎಷ್ಟು ತಾಯಂದಿರು ಅತ್ತಿರಬಹುದು ಎಂಬುದು ಬೇರೆ ಮಾತು. ಇತ್ತ ‘ಹಿಂದೂ ಧರ್ಮದಲ್ಲಿ ಶಾಶ್ವತ ನರಕವಿಲ್ಲ’ ಎಂದು ಹೆಮ್ಮೆ ಪಡುವವರು ಉಡುಪಿಯ ಆಚಾರ್ಯ ಮಧ್ವರನ್ನು ಮರೆತಿರುತ್ತಾರೆ. ಮುಕ್ತಿಗೆ ಯೋಗ್ಯರು, ನಿತ್ಯ ಸಂಸಾರಿಗಳು, ತಮಸ್ಸಿಗೆ ಯೋಗ್ಯರು ಎಂದು ಅವರು ಮಾಡಿದ ವಿಭಾಗದಲ್ಲಿ ಮೂರನೆಯವರಿಗೆ ಅಂಧಂತಮಸ್ಸೆಂಬ ಕಡುಗತ್ತಲೆಯ ನರಕದಿಂದ ಬಿಡುಗಡೆ ಇಲ್ಲ. ಶಂಕರ, ರಾಮಾನುಜರ ಅನುಯಾಯಿಗಳು ಇದನ್ನು ಒಪ್ಪುವುದಿಲ್ಲ. ಜಗಳ ಧರ್ಮಧರ್ಮಗಳ ನಡುವೆ ಇರುವಷ್ಟೇ ಒಂದೊಂದರ ಒಳಗೂ ಇದೆ ಎಂದಾಯಿತು.

ಪಣದ ಲೆಕ್ಕವೇ ನಿಮಗೆ ಬೇಕಾದರೆ, ಪಾಸ್ಕಲ್‌ಗಿಂತ ಬುದ್ಧ ಕಾಲಾಮರೆಂಬ ಜನರಿಗೆ ಹೇಳಿದ್ದು ಹೆಚ್ಚು ಗಟ್ಟಿಯಾಗಿದೆ. ಬೇರೆ ಬೇರೆ ಗುರುಗಳು ಬಂದು ತಮ್ಮದೇ ಸರಿ, ಉಳಿದವರದು ತಪ್ಪು ಎನ್ನುತ್ತಾರೆ, ನಾವೇನು ಮಾಡೋಣ ಎಂದು ಅವರು ನಿಮ್ಮಂತೆಯೇ ಕೇಳಿದ್ದರು. ದ್ವೇಷವಿಲ್ಲದೆ, ಯಾರಿಗೂ ಕೇಡೆಣಿಸದೆ ಬದುಕಿದವನಿಗೆ ಪರಲೋಕವೂ ಕರ್ಮಫಲವೂ ಇದ್ದರೆ ಅಲ್ಲಿ ಒಳ್ಳೆಯದಾಗುತ್ತದೆ, ಇಲ್ಲದಿದ್ದರೆ ಇಲ್ಲಿಯೇ ಅವನು ನೆಮ್ಮದಿಯಿಂದ ಬದುಕಿದಂತಾಗುತ್ತದೆ ಎಂದು ಅವರಿಗೆ ಉತ್ತರ ಸಿಕ್ಕಿತು. ಈ ಲೆಕ್ಕದಲ್ಲಿ ಧರ್ಮವನ್ನು ಆರಿಸುವ ಮೊದಲೇ ಮಾಡಬೇಕಾದ ಕೆಲಸ ಗೊತ್ತಾಗಿಬಿಡುತ್ತದೆ. ನಿಮ್ಮ ಗೆಳೆಯರೊಡನೆ ಚರ್ಚೆ ನಿಲ್ಲಿಸಬೇಕಿಲ್ಲ, ಪರೀಕ್ಷೆ ಹತ್ತಿರವಿದ್ದರೆ ರಾತ್ರಿ ಹನ್ನೊಂದರ ನಂತರ ನಿಲ್ಲಿಸಿ.

ಪ್ರಶ್ನೆ: ನನ್ನ ಅತ್ತೆ ತೀರಿಕೊಂಡು ಎರಡು ತಿಂಗಳಾಯಿತು. ಏಳು ವರ್ಷದ ಮಗನಿಗೆ ‘ಅಜ್ಜಿ ಮಲಗಿದ್ದಾರೆ, ದೇವರು ಕರೆದುಕೊಂಡು ಹೋದ’ ಎಂದು ಹೇಳಿದ್ದೆವು. ಈಗ ಅವನು ಒಬ್ಬನೇ ಮಲಗಲು ಒಪ್ಪುವುದಿಲ್ಲ. ಸುಳ್ಳು ಹೇಳಿದವರನ್ನು ಯಮ ಎಣ್ಣೆಯಲ್ಲಿ ಕರಿಯುತ್ತಾನೆಯೇ ಎಂದೂ ಕೇಳುತ್ತಾನೆ. ಏನು ಹೇಳಲಿ?
(ಬೆಂಗಳೂರಿನ ಓದುಗರು)

ಉತ್ತರ: ಮಲಗಿದವರನ್ನು ದೇವರು ಒಯ್ಯುತ್ತಾನೆ ಎಂದು ತಿಳಿದ ಹುಡುಗ ಮಲಗಲು ಹೆದರುವುದು ಸಹಜ. ಅಜ್ಜಿಯ ದೇಹ ಕೆಲಸ ನಿಲ್ಲಿಸಿತು, ಇನ್ನು ಅವರಿಗೆ ಉಸಿರು, ನೋವು, ಹಸಿವು ಯಾವುದೂ ಇಲ್ಲ, ಅವರು ತಿರುಗಿ ಬರುವುದಿಲ್ಲ, ನಿದ್ದೆ ಬೇರೆ ಸಾವು ಬೇರೆ ಎಂದು ನೇರವಾಗಿ ಹೇಳಿ. ಈ ವಯಸ್ಸಿನ ಮಕ್ಕಳಿಗೆ ಇದು ಅರ್ಥವಾಗುತ್ತದೆ. ಆಮೇಲೆ ‘ಎಲ್ಲಿಗೆ ಹೋದರು’ ಎಂದು ಕೇಳಿದರೆ, ನಮ್ಮ ಮನೆಯಲ್ಲಿ ಹೀಗೆ ನಂಬುತ್ತೇವೆ, ಬೇರೆಯವರು ಬೇರೆ ರೀತಿ ನಂಬುತ್ತಾರೆ ಎನ್ನಿ. ನಂಬಿಕೆಯನ್ನು ನಂಬಿಕೆಯೆಂದೇ ಹೇಳಿದರೆ ಮುಂದೆ ಅವನು ಪ್ರಶ್ನಿಸಿದಾಗ ನೀವು ಮುಜುಗರಪಡಬೇಕಾಗಿಲ್ಲ.

ಎಣ್ಣೆಯ ಕಥೆಯನ್ನು ಹೇಳಿದವರು ಯಾರೆಂದು ವಿಚಾರಿಸಿ, ಮನೆಯವರೇ ಆಗಿದ್ದರೆ ಅವನೆದುರೇ ಅದನ್ನು ಅವರಿಂದ ಹಿಂದಕ್ಕೆ ತೆಗೆಸಿ. ಸುಳ್ಳು ಹೇಳಿದರೆ ಅಮ್ಮನಿಗೆ ಬೇಸರವಾಗುತ್ತದೆ, ಗೆಳೆಯರು ನಂಬುವುದಿಲ್ಲ ಎಂಬಷ್ಟು ಏಳು ವರ್ಷಕ್ಕೆ ಸಾಕು. ವರ್ಷದ ತಿಥಿಯಲ್ಲಿ ಅವನನ್ನು ಪಕ್ಕದ ಮನೆಗೆ ಕಳಿಸುವ ಬದಲು ಎಲೆ ಹಾಕುವಂಥ ಚಿಕ್ಕ ಕೆಲಸವೊಂದನ್ನು ಕೊಟ್ಟು ಜೊತೆಯಲ್ಲಿರಿಸಿಕೊಳ್ಳಿ. ಸದ್ಯಕ್ಕೆ ರಾತ್ರಿ ಅವನ ಪಕ್ಕದಲ್ಲಿ ಯಾರಾದರೂ ಮಲಗಲಿ. ಇನ್ನೂ ಎರಡು ಮೂರು ತಿಂಗಳು ಕಳೆದರೂ ಭಯ ಇಳಿಯದಿದ್ದರೆ, ಶಾಲೆಗೆ ಹೋಗಲು ಹಿಂಜರಿದರೆ, ಮಕ್ಕಳ ವೈದ್ಯರಿಗೆ ತಿಳಿಸಿ.